ಗಣಕಯಂತ್ರದ ವ್ಯವಸ್ಥಾ ಕಡತ: ದೋಷದ ನಿದಾನ ಮತ್ತು ಪರಿಹಾರ

ಇಂದಿನ ನಗರಜೀವನದಲ್ಲಿ ಗಣಕಯಂತ್ರದ ನೆರವಿಲ್ಲದೆ ನಡೆಯುವ ಕಾರ್ಯಗಳು ವಿರಳವೆಂದರೆ ಅತಿಶಯೋಕ್ತಿಯಾಗಲಾರದು. ರೈಲಿನ ಟಿಕೆಟ್ಟು, ಬ್ಯಾಂಕಿನ ಲೇವಾದೇವಿ, ಆಸ್ಪತ್ರೆಯಲ್ಲಿ ರೋಗಿಯ ದಾಖಲೆ, ಮನೆಯ ವಿದ್ಯುಚ್ಛಕ್ತಿಯ ಬಿಲ್ಲು, ಇವೆಲ್ಲವೂ ಈ ಯಂತ್ರವನ್ನೇ ಅವಲಂಬಿಸಿವೆ. ಯಂತ್ರವು ನಿಂತಾಗ ಜನಸಾಮಾನ್ಯರಿಗೆ ಸಿಗುವ ಉತ್ತರವು "ಸರ್ವರ್ ಡೌನ್" ಎಂಬ ಎರಡು ಶಬ್ದಗಳು ಮಾತ್ರ. ಆ ಶಬ್ದಗಳ ಹಿಂದೆ ಅನೇಕ ವೇಳೆ ಯಂತ್ರದ ದೋಷವೇ ಇರುವುದಿಲ್ಲ; ಯಂತ್ರಕ್ಕೆ ಕೊಟ್ಟ ಸೂಚನೆಗಳ ಒಂದು ಪುಟ್ಟ ಕಡತದಲ್ಲಿ ಸೇರಿಕೊಂಡ ಒಂದು ಅಲ್ಪವಿರಾಮವೋ, ಒಂದು ಖಾಲಿ ಸ್ಥಳವೋ, ಲೆಕ್ಕ ತಪ್ಪಿದ ಒಂದು ಅಂಕಣವೋ ಇರುತ್ತದೆ.

ಲಿಂಗಂಪಲ್ಲಿ ಮತ್ತು ಅದರ ಸುತ್ತಲಿನ ಚಂದಾನಗರ, ರಾಮಚಂದ್ರಾಪುರಂ, ಗಚ್ಚಿಬೌಲಿ ಪ್ರದೇಶಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ವಿಷಯವು ದೂರದ್ದಲ್ಲ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದುದರಿಂದ ಈ ನಗರದೊಡನೆ ಕನ್ನಡಿಗರ ಸಂಬಂಧ ಬಹಳ ಹಳೆಯದು. ಹಿಂದಿನ ತಲೆಮಾರಿನವರು ಸರ್ಕಾರಿ ಕಚೇರಿಗಳಿಗೂ ಕಾರ್ಖಾನೆಗಳಿಗೂ ಬ್ಯಾಂಕುಗಳಿಗೂ ಬಂದರು. 1998ರಲ್ಲಿ ಹೈಟೆಕ್ ಸಿಟಿಯ ಸೈಬರ್ ಟವರ್ಸ್ ಕಟ್ಟಡವು ಉದ್ಘಾಟನೆಗೊಂಡು, 2003ರ ಆಗಸ್ಟ್‌ನಲ್ಲಿ ಲಿಂಗಂಪಲ್ಲಿಯಿಂದ ಎಂ.ಎಂ.ಟಿ.ಎಸ್. ರೈಲು ಓಡತೊಡಗಿದ ಮೇಲೆ ಅವರ ಮಕ್ಕಳ ತಲೆಮಾರು ಗಣಕ ಸಂಸ್ಥೆಗಳತ್ತ ಸಾಗಿತು. ವಾಡಿಯ ಕಡೆಯ ರೈಲಿನಲ್ಲಿ ಬಂದು ಮಗಳ ಮನೆಯಲ್ಲಿ ನಾಲ್ಕು ದಿನ ತಂಗುವ ತಂದೆತಾಯಿಗಳು, ನಡುರಾತ್ರಿಯಲ್ಲಿ ಅವಳಿಗೆ ದೂರವಾಣಿ ಕರೆ ಬರುವುದನ್ನೂ, ಬೆಳಗಿನವರೆಗೆ ಅವಳು ಯಂತ್ರದ ಮುಂದೆ ಕುಳಿತಿರುವುದನ್ನೂ ಕಂಡು ಕಳವಳಗೊಳ್ಳುತ್ತಾರೆ. "ಏನಾಯಿತು?" ಎಂಬ ಪ್ರಶ್ನೆಗೆ "ಒಂದು ಫೈಲ್ ಲೋಡ್ ಆಗುತ್ತಿಲ್ಲ" ಎಂಬ ಉತ್ತರ ದೊರೆಯುತ್ತದೆ. ಒಂದು ಕಡತವು ತೆರೆಯದಿದ್ದರೆ ನಿದ್ರೆಯನ್ನೇ ಕೆಡಿಸಿಕೊಳ್ಳಬೇಕೇ ಎಂದು ಹಿರಿಯರಿಗೆ ಅನಿಸುವುದು ಸಹಜ. ಆ ಉತ್ತರದ ಅರ್ಥವನ್ನು ವಿವರಿಸುವುದೂ, ಸ್ವಂತವಾಗಿ ಗಣಕಯಂತ್ರವನ್ನು ಬಳಸುವವರಿಗೆ ಇಂತಹ ದೋಷವನ್ನು ಕಂಡುಹಿಡಿಯುವ ಕ್ರಮವನ್ನು ತಿಳಿಸುವುದೂ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ವ್ಯವಸ್ಥಾ ಕಡತವೆಂದರೇನು?

ಒಂದು ಬ್ಯಾಂಕಿಗೆ ನೂರಾರು ಶಾಖೆಗಳಿರುತ್ತವೆ. ಕಾರ್ಯವಿಧಾನದ ಕೈಪಿಡಿಯು ಎಲ್ಲ ಶಾಖೆಗಳಿಗೂ ಒಂದೇ. ಆದರೆ ಈ ಶಾಖೆಯ ವೇಳೆ ಎಷ್ಟರಿಂದ ಎಷ್ಟರವರೆಗೆ, ತಿಜೋರಿಯಲ್ಲಿ ಎಷ್ಟು ನಗದನ್ನು ಇಡಬಹುದು, ಯಾವ ಅಧಿಕಾರಿಗೆ ಎಷ್ಟು ಮೊತ್ತದವರೆಗೆ ಸಹಿಮಾಡುವ ಅಧಿಕಾರವಿದೆ ಎಂಬ ಸಂಗತಿಗಳು ಶಾಖೆಯಿಂದ ಶಾಖೆಗೆ ಬೇರೆಯಾಗುತ್ತವೆ. ಇವನ್ನು ಕೈಪಿಡಿಯಲ್ಲಿ ಅಚ್ಚುಮಾಡುವುದಿಲ್ಲ. ಪ್ರತ್ಯೇಕವಾದ ಒಂದು ಸೂಚನಾಪತ್ರದಲ್ಲಿ ಬರೆದು ಶಾಖೆಗೆ ಕಳುಹಿಸುತ್ತಾರೆ.

ಗಣಕಯಂತ್ರದ ಪ್ರೋಗ್ರಾಮು ಆ ಕೈಪಿಡಿಯಂತೆ. ಕಾನ್ಫಿಗರೇಶನ್ ಫೈಲ್ ಎಂದು ಕರೆಯಲ್ಪಡುವ ಕಡತವು ಆ ಸೂಚನಾಪತ್ರದಂತೆ. ಇದನ್ನು ಕನ್ನಡದಲ್ಲಿ ವ್ಯವಸ್ಥಾ ಕಡತವೆನ್ನಬಹುದು. ದತ್ತಾಂಶವು ಎಲ್ಲಿದೆ, ಯಾವ ಭಾಷೆಯಲ್ಲಿ ತೋರಿಸಬೇಕು, ಉತ್ತರಕ್ಕಾಗಿ ಎಷ್ಟು ಸೆಕೆಂಡು ಕಾಯಬೇಕು, ಯಾರಿಗೆ ಪ್ರವೇಶವಿದೆ ಮುಂತಾದ ವಿವರಗಳನ್ನು ಅದರಲ್ಲಿ ಸಾಲುಸಾಲಾಗಿ ಬರೆದಿರುತ್ತಾರೆ. ಪ್ರೋಗ್ರಾಮು ಚಾಲನೆಗೊಂಡ ಕ್ಷಣದಲ್ಲಿ ಮೊದಲು ಈ ಕಡತವನ್ನು ಓದಿಕೊಳ್ಳುತ್ತದೆ. ಅನಂತರವೇ ತನ್ನ ಕೆಲಸಕ್ಕೆ ತೊಡಗುತ್ತದೆ. ಹೀಗೆ ಬೇರ್ಪಡಿಸುವುದರಿಂದ ಒಂದು ದೊಡ್ಡ ಅನುಕೂಲವಿದೆ. ಪ್ರೋಗ್ರಾಮನ್ನು ಹೊಸದಾಗಿ ಬರೆಯದೆ, ಕಡತದ ಒಂದು ಸಾಲನ್ನು ತಿದ್ದಿದ ಮಾತ್ರಕ್ಕೆ ಅದರ ನಡವಳಿಕೆಯನ್ನು ಬದಲಿಸಬಹುದು. ಅಪಾಯವೂ ಅಲ್ಲಿಯೇ ಇದೆ. ಪ್ರೋಗ್ರಾಮನ್ನು ತಿದ್ದುವಾಗ ಹತ್ತಾರು ಪರೀಕ್ಷೆಗಳನ್ನು ನಡೆಸುವವರು, ಕಡತದ ಸಾಲನ್ನು ತಿದ್ದುವಾಗ "ಇಷ್ಟೇ ತಾನೆ" ಎಂದು ಪರೀಕ್ಷೆಯನ್ನು ಕೈಬಿಡುವುದುಂಟು.

ದೋಷದ ಲಕ್ಷಣಗಳು

ವೈದ್ಯರು ಔಷಧಿಯನ್ನು ಬರೆಯುವ ಮೊದಲು ಲಕ್ಷಣಗಳನ್ನು ಕೇಳಿ ತಿಳಿಯುವಂತೆ ಇಲ್ಲಿಯೂ ಲಕ್ಷಣಗಳನ್ನು ಮೊದಲು ಗಮನಿಸಬೇಕು. ವ್ಯವಸ್ಥಾ ಕಡತವನ್ನು ಓದಲಾಗದ ಪ್ರೋಗ್ರಾಮು ಮೂರು ಬಗೆಯಲ್ಲಿ ವರ್ತಿಸಬಹುದು.

ಮೊದಲನೆಯದು, ದೋಷವನ್ನು ತಿಳಿಸಿ ನಿಂತುಬಿಡುವುದು. ಇದು ಪ್ರಾಮಾಣಿಕವಾದ ವರ್ತನೆ. ಬಳಸುವವನಿಗೆ ತಕ್ಷಣ ಕಿರಿಕಿರಿಯಾದರೂ ಕಾರಣವನ್ನು ಹುಡುಕಲು ದಾರಿಯಿರುತ್ತದೆ. ಎರಡನೆಯದು, ಏನನ್ನೂ ಹೇಳದೆ, ಕಡತವನ್ನು ಬದಿಗಿಟ್ಟು, ತಯಾರಕರು ಮೊದಲೇ ಇಟ್ಟಿದ್ದ ಸಾಮಾನ್ಯ ಬೆಲೆಗಳಿಂದ ಕೆಲಸ ಮುಂದುವರಿಸುವುದು. ಇದು ಹೆಚ್ಚು ಮೋಸಕರವಾದುದು. ಎಲ್ಲವೂ ನಡೆಯುತ್ತಿರುವಂತೆ ತೋರುತ್ತದೆ. ಆದರೆ ಹಣದ ಮಿತಿಯೋ, ದಾಖಲೆಗಳ ನಕಲನ್ನು ಇಡಬೇಕಾದ ಸ್ಥಳವೋ ಬೇರೆಯೇ ಆಗಿರುತ್ತದೆ. ಜ್ವರ ಬಂದವನು ಮಲಗುತ್ತಾನೆ; ರಕ್ತದೊತ್ತಡ ಏರಿದವನು ಅರಿವಿಲ್ಲದೆ ತಿರುಗಾಡುತ್ತಿರುತ್ತಾನೆ ಎಂಬುದಕ್ಕೆ ಇದನ್ನು ಹೋಲಿಸಬಹುದು. ಮೂರನೆಯದು, ಪ್ರೋಗ್ರಾಮು ತಾನೂ ಬಿದ್ದು ಇಡೀ ಯಂತ್ರವನ್ನೇ ಕೆಡವುವುದು. ಇದರ ಉದಾಹರಣೆಯನ್ನು ಮುಂದೆ ನೋಡೋಣ.

ನಿದಾನದ ಕ್ರಮ

ಕಡತವು ತೆರೆಯದಿದ್ದಾಗ ಹೆಚ್ಚಿನವರು ಗಾಬರಿಯಿಂದ ಅಲ್ಲೊಂದು ಇಲ್ಲೊಂದು ಸಾಲನ್ನು ತಿದ್ದತೊಡಗುತ್ತಾರೆ. ಅದರಿಂದ ಒಂದು ತಪ್ಪು ಇದ್ದಲ್ಲಿ ಮೂರು ತಪ್ಪುಗಳಾಗುತ್ತವೆ. ಆದುದರಿಂದ ಯಾವುದನ್ನೂ ಮುಟ್ಟುವ ಮೊದಲು ಇದ್ದ ಕಡತದ ಒಂದು ನಕಲನ್ನು ಬೇರೆ ಹೆಸರಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ತಪ್ಪಿರುವ ಕಡತವೂ ಒಂದು ಸಾಕ್ಷ್ಯವೇ; ಅದನ್ನು ಅಳಿಸಬಾರದು. ಅನಂತರ ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

ಮೊದಲನೆಯ ಹೆಜ್ಜೆ, ಯಂತ್ರವು ಕೊಡುವ ಸಂದೇಶವನ್ನು ಪೂರ್ತಿಯಾಗಿ ಓದುವುದು. ಕೆಂಪು ಅಕ್ಷರಗಳನ್ನು ಕಂಡೊಡನೆ ಪರದೆಯನ್ನು ಮುಚ್ಚಿಬಿಡುವವರೇ ಹೆಚ್ಚು. ಆದರೆ ಆ ಸಂದೇಶದಲ್ಲಿಯೇ "14ನೆಯ ಸಾಲು, 7ನೆಯ ಅಕ್ಷರ" ಎಂದು ಸ್ಥಳವನ್ನು ಹೇಳಿರುವುದುಂಟು. ಹತ್ತು ದೋಷಗಳನ್ನು ತೋರಿಸಿದ್ದರೆ ಮೊದಲನೆಯದನ್ನೇ ಹಿಡಿಯಬೇಕು. ಉಳಿದವು ಅದರ ಪರಿಣಾಮಗಳಾಗಿರಬಹುದು. ಇನ್ನೊಂದು ಸೂಕ್ಷ್ಮವಿದೆ. 13ನೆಯ ಸಾಲಿನ ಕೊನೆಯಲ್ಲಿ ಅಲ್ಪವಿರಾಮ ಬಿಟ್ಟುಹೋಗಿದ್ದರೆ ಯಂತ್ರಕ್ಕೆ ಅದು ತಿಳಿಯುವುದು 14ನೆಯ ಸಾಲಿಗೆ ಬಂದಾಗ. ಆದುದರಿಂದ ಹೇಳಿದ ಸಾಲಿನಲ್ಲಿ ತಪ್ಪು ಕಾಣದಿದ್ದರೆ ಅದರ ಹಿಂದಿನ ಸಾಲನ್ನು ನೋಡಬೇಕು.

ಎರಡನೆಯ ಹೆಜ್ಜೆ, ಪ್ರೋಗ್ರಾಮು ಹುಡುಕುವ ಸ್ಥಳದಲ್ಲಿ ಕಡತವು ನಿಜವಾಗಿ ಇದೆಯೇ ಎಂದು ನೋಡುವುದು. ನೋಟ್‌ಪ್ಯಾಡ್‌ನಲ್ಲಿ ಬರೆದು ಉಳಿಸಿದ ಕಡತದ ಹೆಸರಿನ ಕೊನೆಗೆ "ಟಿ.ಎಕ್ಸ್.ಟಿ." ಎಂಬ ಬಾಲವು ತಾನಾಗಿ ಸೇರಿಕೊಳ್ಳುವುದುಂಟು, ವಿಂಡೋಸ್ ವ್ಯವಸ್ಥೆಯು ಸಾಮಾನ್ಯವಾಗಿ ಆ ಬಾಲವನ್ನು ಮರೆಮಾಡುವುದರಿಂದ ಹೆಸರು ಸರಿಯಾಗಿಯೇ ಇದೆಯೆಂದು ಕಣ್ಣಿಗೆ ತೋರುತ್ತದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳಿಗೆ ಭೇದವಿದೆ. ಒಂದೇ ಹೆಸರನ್ನು ಎರಡು ಬಗೆಯಲ್ಲಿ ಬರೆದರೆ ಅವು ಎರಡು ಬೇರೆ ಕಡತಗಳು. ಕೆಲವು ಪ್ರೋಗ್ರಾಮುಗಳು ಎರಡು ಮೂರು ಕಡೆ ಕಡತವನ್ನು ಹುಡುಕುತ್ತವೆ. ಒಂದು ಕಡೆಯ ಸೂಚನೆಯನ್ನು ಮತ್ತೊಂದು ಕಡೆಯ ಸೂಚನೆಯು ಅಳಿಸಿಹಾಕುತ್ತದೆ. ಒಂದು ಗಂಟೆ ತಿದ್ದಿದ ಕಡತವನ್ನು ಪ್ರೋಗ್ರಾಮು ಓದುತ್ತಲೇ ಇರಲಿಲ್ಲವೆಂದು ಕೊನೆಗೆ ತಿಳಿಯುವ ಪ್ರಸಂಗಗಳು ಇಂತಹವೇ.

ಮೂರನೆಯ ಹೆಜ್ಜೆ, ಓದುವ ಅನುಮತಿ. ತಿಜೋರಿಯು ಸ್ಥಳದಲ್ಲಿಯೇ ಇದ್ದರೂ ಬೀಗದ ಕೈ ಇಲ್ಲದವನಿಗೆ ಅದು ತೆರೆಯದು. ಹಗಲಿನಲ್ಲಿ ಅಧಿಕಾರಿಯ ಹೆಸರಿನಿಂದ ಚಾಲನೆಗೊಂಡ ಪ್ರೋಗ್ರಾಮು ಸರಿಯಾಗಿ ನಡೆದು, ರಾತ್ರಿಯಲ್ಲಿ ತಾನಾಗಿ ಚಾಲನೆಗೊಂಡಾಗ ಬೀಳುತ್ತಿದ್ದರೆ ಅನುಮತಿಯ ಮೇಲೆಯೇ ಸಂದೇಹಪಡಬೇಕು. ರಾತ್ರಿ ಅದನ್ನು ನಡೆಸುವ ಖಾತೆಯು ಬೇರೆಯಾಗಿರುತ್ತದೆ.

ನಾಲ್ಕನೆಯ ಹೆಜ್ಜೆ, ಬರವಣಿಗೆಯ ವ್ಯಾಕರಣ. ಕಡತಗಳಿಗೆ ಹಲವು ಲಿಪಿಕ್ರಮಗಳಿವೆ. ಒಂದೊಂದಕ್ಕೂ ತನ್ನದೇ ಮಡಿಯಿದೆ. ಜೇಸನ್ ಎಂಬ ಕ್ರಮದಲ್ಲಿ ಪಟ್ಟಿಯ ಕೊನೆಯ ವಸ್ತುವಿನ ನಂತರ ಅಲ್ಪವಿರಾಮವನ್ನು ಇಡುವಂತಿಲ್ಲ, ಬದಿಟಿಪ್ಪಣಿಗಳನ್ನು ಬರೆಯುವಂತಿಲ್ಲ. ಯಾಮಲ್ ಎಂಬ ಕ್ರಮದಲ್ಲಿ ಸಾಲಿನ ಮುಂದೆ ಬಿಡುವ ಖಾಲಿ ಸ್ಥಳಕ್ಕೇ ಅರ್ಥವಿದೆ. ಅಲ್ಲಿ ಟ್ಯಾಬ್ ಕೀಲಿಯನ್ನು ಒತ್ತಿದರೆ ಕಡತವು ತಿರಸ್ಕೃತವಾಗುತ್ತದೆ. ಇದೇ ಯಾಮಲ್‌ನ ಹಳೆಯ ನಿಯಮದಂತೆ ಇಂಗ್ಲಿಷಿನ "ನೋ" ಎಂಬ ಶಬ್ದವನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಯಂತ್ರವು ಅದನ್ನು "ಅಲ್ಲ" ಎಂಬ ತಾರ್ಕಿಕ ಬೆಲೆಯಾಗಿ ಗ್ರಹಿಸುತ್ತದೆ. ನಾರ್ವೆ ದೇಶದ ಸಂಕೇತಾಕ್ಷರಗಳೂ ಅವೇ ಎರಡು ಅಕ್ಷರಗಳಾದುದರಿಂದ, ದೇಶಗಳ ಪಟ್ಟಿಯಲ್ಲಿ ನಾರ್ವೆ ಮಾಯವಾಗುವ ಸಮಸ್ಯೆಯು ಗಣಕತಜ್ಞರಲ್ಲಿ ಪ್ರಸಿದ್ಧವಾಗಿದೆ.

ಐದನೆಯ ಹೆಜ್ಜೆ, ತಾಳೆ ನೋಡುವುದು. ನಿನ್ನೆ ಸರಿಯಾಗಿದ್ದ ಕಡತವು ಇಂದು ಕೆಟ್ಟಿದ್ದರೆ ನಿನ್ನೆಗೂ ಇಂದಿಗೂ ನಡುವೆ ಏನು ಬದಲಾಯಿತೆಂಬುದೇ ಮುಖ್ಯ ಪ್ರಶ್ನೆ. ಹಳೆಯ ಪ್ರತಿಯನ್ನೂ ಹೊಸ ಪ್ರತಿಯನ್ನೂ ಅಕ್ಕಪಕ್ಕದಲ್ಲಿಟ್ಟು ವ್ಯತ್ಯಾಸವನ್ನು ಮಾತ್ರ ತೋರಿಸುವ ಸಾಧನಗಳಿವೆ. ಹಳೆಯ ಪ್ರತಿಯೇ ಇಲ್ಲದಿದ್ದರೆ ಅರ್ಧಿಸುವ ಉಪಾಯವನ್ನು ಕೈಕೊಳ್ಳಬಹುದು. ನಕಲಿನಲ್ಲಿ ಕಡತದ ಅರ್ಧಭಾಗವನ್ನು ತೆಗೆದು ನೋಡಬೇಕು. ದೋಷವು ಹೋದರೆ ಅದು ತೆಗೆದ ಅರ್ಧದಲ್ಲಿದೆ, ಹೋಗದಿದ್ದರೆ ಉಳಿದ ಅರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಅರ್ಧಮಾಡಬೇಕು. ದೋಷವು ಒಂದೇ ಆಗಿದ್ದು, ಭಾಗಗಳು ಒಂದನ್ನೊಂದು ಅವಲಂಬಿಸದಿದ್ದರೆ, ಸಾವಿರ ಸಾಲುಗಳ ಕಡತದಲ್ಲಿಯೂ ಹತ್ತು ಸಾರಿ ಅರ್ಧಿಸುವಷ್ಟರಲ್ಲಿ ದೋಷದ ಸಾಲು ಸಿಕ್ಕಿಬಿಡುತ್ತದೆ. ಏಕೆಂದರೆ ಎರಡನ್ನು ಹತ್ತು ಸಲ ಗುಣಿಸಿದರೆ 1024 ಆಗುತ್ತದೆ.

ಈ ಎಲ್ಲ ಹೆಜ್ಜೆಗಳಿಗೂ ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ತಿದ್ದಿದರೆ ಗುಣ ಬಂದಾಗಲೂ ಯಾವ ಔಷಧಿಯಿಂದ ಬಂದಿತೆಂದು ತಿಳಿಯುವುದಿಲ್ಲ. ಲೆಕ್ಕಪತ್ರದ ಅನುಭವವುಳ್ಳವರಿಗೆ ಈ ಸಹನೆ ಹೊಸದಲ್ಲ. ಜಮೆಗೂ ಖರ್ಚಿಗೂ ಬಂದ ವ್ಯತ್ಯಾಸವು 9ರಿಂದ ಭಾಗವಾದರೆ ಎಲ್ಲಿಯೋ ಎರಡು ಅಂಕೆಗಳು ಸ್ಥಳ ಬದಲಿಸಿರಬಹುದೆಂದು ಹಳೆಯ ಗುಮಾಸ್ತರು ಊಹಿಸುತ್ತಿದ್ದರು. 54ನ್ನು 45 ಎಂದು ಬರೆದರೆ ವ್ಯತ್ಯಾಸ 9. ದೋಷದ ರೂಪವೇ ದೋಷದ ಸ್ಥಳವನ್ನು ಸೂಚಿಸುತ್ತದೆ ಎಂಬುದು ಎರಡೂ ಕ್ಷೇತ್ರಗಳಿಗೆ ಸಲ್ಲುವ ಮಾತು.

ಕಣ್ಣಿಗೆ ಕಾಣದ ಅಕ್ಷರಗಳು

ಎಲ್ಲವನ್ನೂ ನೋಡಿದ ಮೇಲೆಯೂ ತಪ್ಪು ಸಿಗದಿದ್ದರೆ ಅದು ಕಾಣದಿರುವ ತಪ್ಪಾಗಿರಬಹುದು. ಕನ್ನಡದಲ್ಲಿ ಟೈಪು ಮಾಡುವವರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು.

"ರಾಜ್‌ಕುಮಾರ್" ಎಂಬ ಹೆಸರನ್ನು "ರಾಜ್ಕುಮಾರ್" ಎಂದು ಒತ್ತಕ್ಷರವಾಗದಂತೆ ಬಿಡಿಸಿ ಬರೆಯಲು ಮಧ್ಯೆ ಒಂದು ಅಗೋಚರ ಅಕ್ಷರವನ್ನು ಸೇರಿಸುತ್ತಾರೆ. ಅದಕ್ಕೆ ಅಗಲವಿಲ್ಲ, ರೂಪವಿಲ್ಲ. ಆದರೆ ಯಂತ್ರದ ಲೆಕ್ಕದಲ್ಲಿ ಅದೊಂದು ಅಕ್ಷರವೇ. ಬಳಸುವವರ ಪಟ್ಟಿಯಲ್ಲಿ ಅದನ್ನು ಸೇರಿಸಿ ಬರೆದು, ವ್ಯವಸ್ಥಾ ಕಡತದಲ್ಲಿ ಸೇರಿಸದೆ ಬರೆದರೆ ಯಂತ್ರಕ್ಕೆ ಅವರು ಇಬ್ಬರು ವ್ಯಕ್ತಿಗಳು. ಹಾಗೆಯೇ ಕನ್ನಡದ ಅನುಸ್ವಾರಕ್ಕೂ ಕನ್ನಡದ ಸೊನ್ನೆಗೂ ರೂಪ ಒಂದೇ. "ಬೆಂಗಳೂರು" ಮತ್ತು "ಬೆ೦ಗಳೂರು" ಎಂಬ ಎರಡು ಶಬ್ದಗಳಲ್ಲಿ ಎರಡನೆಯದನ್ನು ಸೊನ್ನೆಯಿಂದ ಬರೆಯಲಾಗಿದೆ. ಓದುಗರ ಕಣ್ಣಿಗೆ ಹೆಚ್ಚಿನ ಭೇದವಿಲ್ಲ. ಯಂತ್ರವು ಮಾತ್ರ ಎರಡನ್ನೂ ಒಂದೆಂದು ಒಪ್ಪದು.

ಹಳೆಯ ನುಡಿ, ಬರಹ ಲಿಪಿಗಳಲ್ಲಿ ಸಿದ್ಧವಾದ ಪಠ್ಯದ ತೊಂದರೆ ಬೇರೆ. ಆ ಕಾಲದ ಫಾಂಟುಗಳು ಬೇರೆ ಲಿಪಿಯ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಮಾತ್ರ ಕಾಣುತ್ತವೆ. ಇಂತಹ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಅನಂತರವೇ ಕಡತಕ್ಕೆ ಸೇರಿಸಬೇಕು. ಯೂನಿಕೋಡ್‌ನಲ್ಲಿಯೂ ಕಡತವನ್ನು ಯು.ಟಿ.ಎಫ್.-8 ಎಂಬ ಕ್ರಮದಲ್ಲಿ ಉಳಿಸುವುದು ವಾಡಿಕೆ. ಉಳಿಸುವಾಗ ಕೆಲವು ಸಾಧನಗಳು ಕಡತದ ಆರಂಭದಲ್ಲಿ ಮೂರು ಬೈಟುಗಳ ಒಂದು ಅಗೋಚರ ಗುರುತನ್ನು ಸೇರಿಸುತ್ತವೆ. ಅದನ್ನು ನಿರೀಕ್ಷಿಸದ ಪ್ರೋಗ್ರಾಮು ಮೊದಲನೆಯ ಸಾಲಿನ ಮೊದಲನೆಯ ಅಕ್ಷರದಲ್ಲಿಯೇ ಎಡವುತ್ತದೆ. "ಮೊದಲ ಸಾಲಿನಲ್ಲಿಯೇ ದೋಷ" ಎಂಬ ಸಂದೇಶ ಬಂದು, ಆ ಸಾಲು ನಿರ್ದುಷ್ಟವಾಗಿ ಕಂಡರೆ ಇದನ್ನು ನೆನೆಯಬೇಕು.

ವಾಟ್ಸ್‌ಆ್ಯಪ್ ಅಥವಾ ವರ್ಡ್ ಕಡತದಿಂದ ನಕಲಿಸಿ ಅಂಟಿಸುವುದೂ ಅಪಾಯಕರ. ವರ್ಡ್ ಮುಂತಾದವು ನೆಟ್ಟನೆಯ ಉದ್ಧರಣ ಚಿಹ್ನೆಗಳನ್ನು ಅಂದಕ್ಕಾಗಿ ಬಾಗಿಸಿಬಿಡುತ್ತವೆ; ಆ ಬಾಗಿದ ಚಿಹ್ನೆಯನ್ನು ಪ್ರೋಗ್ರಾಮು ಗುರುತಿಸದು. ಅನುಮಾನ ಬಂದ ಸಾಲನ್ನು ಪೂರ್ತಿ ಅಳಿಸಿ ಕೈಯಿಂದಲೇ ಮತ್ತೆ ಟೈಪು ಮಾಡುವುದು ಅತ್ಯಂತ ಸುಲಭವಾದ ಚಿಕಿತ್ಸೆ.

ಒಂದು ದಿನದ ಪಾಠ: 2024ರ ಜುಲೈ 19

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ವಿವರಣೆಯೇಕೆ ಎಂದು ಕೇಳುವವರಿಗೆ 2024ರ ಜುಲೈ 19ರ ಶುಕ್ರವಾರವೇ ಉತ್ತರ. ಅಂದು ಹೈದರಾಬಾದಿನ ವಿಮಾನನಿಲ್ದಾಣದಲ್ಲಿ ಇಂಡಿಗೋ ಸಂಸ್ಥೆಯ ಸಿಬ್ಬಂದಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಿಂದ ಬರೆದುಕೊಟ್ಟರು. ಇಲ್ಲಿಂದ ಕೋಲ್ಕತ್ತಕ್ಕೆ ಹೊರಟಿದ್ದ ಪ್ರಯಾಣಿಕರೊಬ್ಬರ ಕೈಬರಹದ ಪಾಸಿನ ಚಿತ್ರವು ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಅದೇ ದಿನ ಇಂಗ್ಲೆಂಡಿನಲ್ಲಿ ಕುಟುಂಬ ವೈದ್ಯರು ರೋಗಿಗಳ ದಾಖಲೆಯನ್ನು ತೆರೆಯಲಾರದೆ ಪರದಾಡಿದರು. ಅಮೆರಿಕದ ಬಾಸ್ಟನ್ ನಗರದ ದೊಡ್ಡ ಆಸ್ಪತ್ರೆ ಸಮೂಹವೊಂದು ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿತು. ಭಾರತದಲ್ಲಿ ಹತ್ತು ಬ್ಯಾಂಕು ಮತ್ತು ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೆ ಅಲ್ಪ ಪ್ರಮಾಣದ ಅಡಚಣೆಯಾಯಿತೆಂದು ರಿಸರ್ವ್ ಬ್ಯಾಂಕು ತಿಳಿಸಿತು. ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಯಂತ್ರಗಳು ಸ್ತಬ್ಧವಾಗಿದ್ದವು.

ಇದು ಶತ್ರುವಿನ ದಾಳಿಯಾಗಿರಲಿಲ್ಲ. ದಾಳಿಯಿಂದ ರಕ್ಷಿಸುವ ಪ್ರೋಗ್ರಾಮೊಂದರ ವ್ಯವಸ್ಥಾ ಕಡತದಲ್ಲಿದ್ದ ದೋಷವಾಗಿತ್ತು. ಅಮೆರಿಕದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ "ಫಾಲ್ಕನ್" ಎಂಬ ಕಾವಲು ಪ್ರೋಗ್ರಾಮಿಗೆ, ಹೊಸ ಹೊಸ ದಾಳಿಗಳನ್ನು ಗುರುತಿಸುವ ಸೂಚನೆಗಳನ್ನು "ಚಾನೆಲ್ ಫೈಲ್" ಎಂಬ ವ್ಯವಸ್ಥಾ ಕಡತಗಳ ಮೂಲಕ ಕಳುಹಿಸಲಾಗುತ್ತಿತ್ತು. ಭಾರತೀಯ ಕಾಲಮಾನ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ 291ನೆಯ ಸಂಖ್ಯೆಯ ಇಂತಹ ಕಡತದ ಹೊಸ ಪ್ರತಿಯು ಹೊರಟಿತು. ಸಂಸ್ಥೆಯು ತಪ್ಪನ್ನರಿತು 10 ಗಂಟೆ 57 ನಿಮಿಷಕ್ಕೆ ಅದನ್ನು ಹಿಂತೆಗೆಯಿತು. ನಡುವಿನ 78 ನಿಮಿಷಗಳಲ್ಲಿ ಅನಾಹುತವು ನಡೆದುಹೋಗಿತ್ತು.

2024ರ ಆಗಸ್ಟ್ 6ರಂದು ಸಂಸ್ಥೆಯು ಪ್ರಕಟಿಸಿದ ಮೂಲಕಾರಣದ ವರದಿಯು ಲೆಕ್ಕಪತ್ರ ಬಲ್ಲವರಿಗೆ ಸುಲಭವಾಗಿ ಅರ್ಥವಾಗುವಂತಿದೆ. ಸೂಚನೆಗಳ ನಮೂನೆಯಲ್ಲಿ 21 ಅಂಕಣಗಳಿದ್ದವು. ಆದರೆ ಅದಕ್ಕೆ ವಿವರ ಒದಗಿಸುವ ಪ್ರೋಗ್ರಾಮಿನ ಭಾಗವು ಕೊಡುತ್ತಿದ್ದುದು 20 ಅಂಕಣಗಳನ್ನು ಮಾತ್ರ. ಫೆಬ್ರವರಿಯಲ್ಲಿ ಈ ನಮೂನೆಯು ಜಾರಿಗೆ ಬಂದಂದಿನಿಂದ ಈ ಕೊರತೆಯಿತ್ತು. ಆದರೂ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಕಳುಹಿಸಿದ ಕಡತಗಳಿಂದ ತೊಂದರೆಯಾಗಲಿಲ್ಲ; ಏಕೆಂದರೆ ಅವುಗಳಲ್ಲಿ 21ನೆಯ ಅಂಕಣಕ್ಕೆ "ಏನಿದ್ದರೂ ಸರಿ" ಎಂಬ ಸೂಚನೆಯಿದ್ದುದರಿಂದ ಯಾರೂ ಆ ಅಂಕಣವನ್ನು ತೆರೆದು ನೋಡಬೇಕಾಗಿರಲಿಲ್ಲ. ಜುಲೈ 19ರ ಕಡತದಲ್ಲಿ ಮೊದಲ ಬಾರಿಗೆ 21ನೆಯ ಅಂಕಣದಲ್ಲಿ ಏನಿದೆಯೆಂದು ನೋಡುವಂತೆ ಹೇಳಲಾಗಿತ್ತು. ಪ್ರೋಗ್ರಾಮು ಇಲ್ಲದ ಅಂಕಣವನ್ನು ಓದಲು ಹೋಗಿ, ತನ್ನ ಪಾಲಿಗೆ ಕೊಟ್ಟ ಜಾಗವನ್ನು ದಾಟಿ ಸ್ಮೃತಿಯ ಬೇರೆ ಭಾಗಕ್ಕೆ ಕೈಹಾಕಿತು. ಕಾವಲು ಪ್ರೋಗ್ರಾಮು ಯಂತ್ರದ ಅಂತರಂಗದಲ್ಲಿಯೇ ಕೆಲಸಮಾಡುವುದರಿಂದ ವಿಂಡೋಸ್ ವ್ಯವಸ್ಥೆಯೇ ಬಿದ್ದು ಪರದೆಯು ನೀಲಿಯಾಯಿತು. ಯಂತ್ರವನ್ನು ಮರಳಿ ಚಾಲನೆಗೊಳಿಸಿದರೆ ಅದೇ ಕಡತವನ್ನು ಮತ್ತೆ ಓದಿ ಮತ್ತೆ ಬಿದ್ದಿತು.

ಕಡತವನ್ನು ಹೊರಡುವ ಮೊದಲು ಪರಿಶೀಲಿಸುವ ಸಾಧನವೂ ಆ ಸಂಸ್ಥೆಯಲ್ಲಿತ್ತು. ಆದರೆ ಆ ಸಾಧನವೂ 21 ವಿವರಗಳು ಬರುತ್ತವೆಂದೇ ಭಾವಿಸಿತ್ತು. ನಮೂನೆಯನ್ನು ನಮೂನೆಯೊಡನೆ ಹೋಲಿಸಿ ಸರಿಯೆಂದಿತು. ವಿವರ ಒದಗಿಸುವ ಕಡೆಗೆ ಹೋಗಿ ಎಣಿಸಲಿಲ್ಲ. ತಾಳೆಪಟ್ಟಿಯ ಎರಡು ಬದಿಗಳು ಸರಿಹೊಂದಿದರೂ ಅದು ಹೊರಗೆಡಹದ ತಪ್ಪುಗಳಿರುತ್ತವೆಂದು ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿಯೇ ಓದುತ್ತಾರೆ. ಇದು ಆ ಜಾತಿಯ ತಪ್ಪು.

ಪರಿಹಾರವು ಸರಳವಾಗಿತ್ತು, ಆದರೆ ಶ್ರಮದಾಯಕವಾಗಿತ್ತು. ಯಂತ್ರವನ್ನು ಸುರಕ್ಷಿತ ಸ್ಥಿತಿಯಲ್ಲಿ ತೆರೆದು, ಕ್ರೌಡ್‌ಸ್ಟ್ರೈಕ್‌ನ ಕಡತಕೋಶಕ್ಕೆ ಹೋಗಿ, "ಸಿ-00000291" ಎಂಬುದರಿಂದ ಆರಂಭವಾಗುವ ಕಡತವನ್ನು ಅಳಿಸಿ, ಯಂತ್ರವನ್ನು ಮರಳಿ ಚಾಲನೆಗೊಳಿಸಬೇಕಾಗಿತ್ತು. ಪೂರ್ತಿಯಾಗಿ ಏಳದ ಯಂತ್ರಕ್ಕೆ ದೂರದಿಂದ ಸರಿಯಾದ ಕಡತವನ್ನು ತಲುಪಿಸುವುದು ಸಾಮಾನ್ಯವಾಗಿ ಸಾಧ್ಯವಾಗದುದರಿಂದ ಬಹುಪಾಲು ಯಂತ್ರಗಳ ಬಳಿಗೆ ಮನುಷ್ಯರೇ ಹೋಗಬೇಕಾಯಿತು. ಗೂಢಲಿಪಿಯಿಂದ ಭದ್ರಪಡಿಸಿದ್ದ ಯಂತ್ರಗಳಿಗೆ 48 ಅಂಕೆಗಳ ಕೀಲಿಯನ್ನೂ ಹುಡುಕಿ ತರಬೇಕಾಯಿತು. ಜುಲೈ 25ರ ವೇಳೆಗೆ ಶೇಕಡಾ 97ಕ್ಕೂ ಹೆಚ್ಚು ಯಂತ್ರಗಳಲ್ಲಿ ಫಾಲ್ಕನ್ ಮರಳಿ ಕೆಲಸಮಾಡತೊಡಗಿತೆಂದು ಸಂಸ್ಥೆಯು ತಿಳಿಸಿತು. ಆ ವಾರ ಅನೇಕ ನಗರಗಳಲ್ಲಿ ಗಣಕ ಸಿಬ್ಬಂದಿಯ ನಿದ್ರೆಯನ್ನು ಕೆಡಿಸಿದ್ದು ಒಂದು ಕಡತ ಮತ್ತು ಅದರ ಒಂದು ಅಂಕಣ.

ಮುನ್ನೆಚ್ಚರಿಕೆಯ ಕ್ರಮಗಳು

"ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು" ಎಂಬ ಗಾದೆಯಂತಾಗದಿರಬೇಕಾದರೆ ಕೆಲವು ಅಭ್ಯಾಸಗಳನ್ನು ಮೊದಲೇ ರೂಢಿಸಿಕೊಳ್ಳಬೇಕು. ಇವು ದೊಡ್ಡ ಸಂಸ್ಥೆಗಳಿಗೆ ಮಾತ್ರವಲ್ಲ, ಮನೆಯ ಒಂದು ಯಂತ್ರಕ್ಕೂ ಸಂಘದ ಸದಸ್ಯರ ಪಟ್ಟಿಯನ್ನು ನಡೆಸುವ ಕಾರ್ಯದರ್ಶಿಗೂ ಸಲ್ಲುತ್ತವೆ.

1. ಸರಿಯಾಗಿ ನಡೆಯುತ್ತಿರುವ ಕಡತದ ಒಂದು ಪ್ರತಿಯನ್ನು ದಿನಾಂಕ ಸಹಿತ ತೆಗೆದಿಡಬೇಕು.

2. ಯಾವ ಸಾಲನ್ನು, ಯಾವ ದಿನ, ಏಕೆ ಬದಲಿಸಲಾಯಿತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆರು ತಿಂಗಳ ಅನಂತರ ಬದಲಿಸಿದವನಿಗೇ ಅದು ನೆನಪಿರುವುದಿಲ್ಲ.

3. ಹೊಸ ಕಡತವನ್ನು ಮೊದಲು ಒಂದು ಯಂತ್ರದಲ್ಲಿ, ಅನಂತರ ಕೆಲವು ಯಂತ್ರಗಳಲ್ಲಿ, ಕೊನೆಗೆ ಎಲ್ಲದರಲ್ಲಿ ಜಾರಿಗೊಳಿಸಬೇಕು. ಜುಲೈ ಘಟನೆಯ ಬಳಿಕ ಕ್ರೌಡ್‌ಸ್ಟ್ರೈಕ್ ಸಂಸ್ಥೆಯೂ ಇಂತಹ ಕಡತಗಳನ್ನು ಹಂತಹಂತವಾಗಿ ಕಳುಹಿಸುವ ಕ್ರಮವನ್ನು ಕೈಕೊಂಡಿತು. ಅಂಕಣಗಳ ಸಂಖ್ಯೆಯನ್ನು ಎಣಿಸಿ ನೋಡುವ ಪರಿಶೀಲನೆಯನ್ನೂ ಸೇರಿಸಿತು.

4. ಪ್ರೋಗ್ರಾಮು ಬರೆಯುವ ತರುಣರು ಇನ್ನೊಂದನ್ನು ಗಮನಿಸಬೇಕು. ಕೆಟ್ಟ ಕಡತವನ್ನು ಕಂಡಾಗ ಅದನ್ನು ಸ್ಪಷ್ಟವಾಗಿ ತಿರಸ್ಕರಿಸಿ, ಕೊನೆಯದಾಗಿ ಸರಿಯಿದ್ದ ಕಡತದಿಂದ ಕೆಲಸ ಮುಂದುವರಿಸಿ, ಆ ವಿಷಯವನ್ನು ಸಂಬಂಧಪಟ್ಟವರಿಗೆ ತಿಳಿಸುವ ಪ್ರೋಗ್ರಾಮು ಉತ್ತಮವಾದುದು.

5. ನೆರವನ್ನು ಕೋರಿ ಕಡತವನ್ನು ಇತರರಿಗೆ ಕಳುಹಿಸುವ ಮೊದಲು ಅದರಲ್ಲಿರುವ ಗುಪ್ತಪದಗಳನ್ನೂ ಖಾತೆಯ ವಿವರಗಳನ್ನೂ ತೆಗೆದುಹಾಕಬೇಕು. ದೋಷವನ್ನು ಪರಿಹರಿಸುವ ಅವಸರದಲ್ಲಿ ತಿಜೋರಿಯ ಕೀಲಿಯನ್ನೇ ಬೀದಿಗೆ ಎಸೆದಂತಾಗಬಾರದು.

6. ಎರಡು ಗಂಟೆ ಹುಡುಕಿದರೂ ದೋಷ ಸಿಗದಿದ್ದರೆ ಇನ್ನೊಬ್ಬರನ್ನು ಕರೆದು ತೋರಿಸಬೇಕು, ಇಲ್ಲವೇ ಸ್ವಲ್ಪ ಹೊತ್ತು ಎದ್ದು ನಡೆದಾಡಬೇಕು. ನಿದ್ರೆಗೆಟ್ಟ ಕಣ್ಣು ತಾನು ಬರೆಯಬೇಕೆಂದಿದ್ದುದನ್ನು ಕಾಣುತ್ತದೆಯೇ ಹೊರತು ಬರೆದುದನ್ನು ಕಾಣುವುದಿಲ್ಲ. ಬ್ಯಾಂಕುಗಳಲ್ಲಿ ಒಬ್ಬರು ಬರೆದುದನ್ನು ಮತ್ತೊಬ್ಬರು ಪರಿಶೀಲಿಸುವ ಪದ್ಧತಿಯಿರುವುದು ಮೊದಲಿನವರ ಮೇಲಿನ ಅವಿಶ್ವಾಸದಿಂದಲ್ಲ. ಮನುಷ್ಯನ ಕಣ್ಣಿನ ಈ ಮಿತಿಯನ್ನು ಅರಿತುದರಿಂದ.

ಮನೆಯ ಹಿರಿಯರೂ ಇದನ್ನು ಅರಿತರೆ, ನಡುರಾತ್ರಿ ಯಂತ್ರದ ಮುಂದೆ ಕುಳಿತ ಮಗಳೋ ಮಗನೋ ಮಾಡುತ್ತಿರುವ ಕೆಲಸವು ತಮ್ಮ ಕಾಲದ ಲೆಕ್ಕದ ಕೆಲಸಕ್ಕಿಂತ ಬಹಳ ಭಿನ್ನವೇನಲ್ಲವೆಂದು ತಿಳಿದೀತು. ಎರಡು ಬದಿಗಳನ್ನೂ ಎಣಿಸಿ ತಾಳೆ ನೋಡುವುದು, ಒಂದು ಸಲಕ್ಕೆ ಒಂದನ್ನೇ ತಿದ್ದುವುದು, ಹಳೆಯ ಪ್ರತಿಯನ್ನು ಜೋಪಾನವಾಗಿ ಇಡುವುದು, ಇಷ್ಟನ್ನು ರೂಢಿಸಿಕೊಂಡರೆ ತೆರೆಯದ ಕಡತದ ದೋಷವನ್ನು ಬಹುಮಟ್ಟಿಗೆ ಗಾಬರಿಯಿಲ್ಲದೆ ಕಂಡುಹಿಡಿಯಬಹುದು.